ಹಗಲು ಅರ್ಧ ಟ್ಯಾಂಕ್, ರಾತ್ರಿ ಕಾಲು ಟ್ಯಾಂಕ್: ಒಂದು ಹಳೇ ಜಿಪ್ಸಿಯ ಪ್ರಕರಣ

"ಭಾವ, ನಮ್ಮ ಗಾಡೀಲಿ ಹಗಲು ಹೊತ್ತು ಅರ್ಧ ಟ್ಯಾಂಕ್ ಪೆಟ್ರೋಲ್ ಇರ್ತೈತಿ, ಕತ್ತಲಾದ್ರೆ ಕಾಲು ಟ್ಯಾಂಕ್ ಆಗ್ತೈತಿ. ಬೆಳಿಗ್ಗೆ ನೋಡಿದ್ರೆ ಮತ್ತೆ ಅರ್ಧ. ಯಾರಾದ್ರೂ ಕದ್ದು, ಆಮೇಲೆ ವಾಪಸ್ ತುಂಬಿ ಹೋಗ್ತಾರೇನ್ರಿ?"

ಸೋದರಮಾವನ ಮಗ ಫೋನ್‌ನಲ್ಲಿ ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಅದೇ ವಾರ ಅವನ ಜಿಪ್ಸಿ ಎಮಿಷನ್ ಟೆಸ್ಟ್‌ನಲ್ಲಿ ಎರಡನೇ ಸಲ ಫೇಲ್ ಆಗಿತ್ತು. ಮೈಲೇಜ್ ಏಳಕ್ಕೆ ಬಂದು ನಿಂತಿತ್ತು. ಎಂಟು ತಿಂಗಳಲ್ಲಿ ಗ್ಯಾರೇಜ್‌ಗೆ ಹದಿನಾಲ್ಕು ಸಾವಿರ ಸುರಿದಿದ್ದ.

ನಾನು ಕಾರ್ ಮೆಕ್ಯಾನಿಕ್ ಅಲ್ಲ. ದಾವಣಗೆರೆಯಲ್ಲಿ ಬೋರ್‌ವೆಲ್ ಮೋಟಾರ್‌ಗಳ ಸ್ಟಾರ್ಟರ್, ಪ್ಯಾನಲ್ ಬೋರ್ಡ್ ರಿಪೇರಿ ಮಾಡುವವನು. ಮಲ್ಟಿಮೀಟರ್ ಹಿಡಿಯಲು ಬರುತ್ತದೆ, ಅಳೆಯದೆ ಸ್ಕ್ರೂ ಬಿಚ್ಚುವ ಅಭ್ಯಾಸ ಇಲ್ಲ. ಈ ಪ್ರಕರಣಕ್ಕೆ ಅಷ್ಟೇ ಬೇಕಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಯಾಕೆಂದರೆ ಈ ಗಾಡಿಯ ಹೊಗೆಯ ತೊಂದರೆ ಶುರುವಾಗಿದ್ದೇ ಸುಳ್ಳು ಹೇಳುತ್ತಿದ್ದ ಒಂದು ಮೀಟರ್‌ನಿಂದ.

ಗಾಡಿ ಯಾವುದು, ಏನೇನು ಆಗಿತ್ತು

2006ರ ಮಾರುತಿ ಜಿಪ್ಸಿ. 1.3 ಲೀಟರ್, 16 ವಾಲ್ವ್ ಎಂಪಿಎಫ್‌ಐ ಪೆಟ್ರೋಲ್ ಇಂಜಿನ್, ಅಂದರೆ ಒಂದೊಂದು ಸಿಲಿಂಡರ್‌ಗೂ ಬೇರೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಜಾತಿ. ಚನ್ನಗಿರಿ ಕಡೆ ಇರುವ ಅಡಿಕೆ ತೋಟಕ್ಕೆ ಓಡಾಡಲು ಅಂತ ತಗೊಂಡಿದ್ದ, ಇವನು ಮೂರನೇ ಮಾಲೀಕ. ಮೊದಲಿನವರು ಮನಸ್ಸಿಗೆ ಬಂದಂತೆ ಕೈಯಾಡಿಸಿದ್ದರು. 205/70 ಆರ್15 ಟೈರ್ ಇರಬೇಕಾದಲ್ಲಿ 235/75 ಆರ್15. ಇಂಜಿನ್‌ನಿಂದ ಹೊಗೆ ಹೊರತರುವ ಎರಕದ ಮ್ಯಾನಿಫೋಲ್ಡ್ ತೆಗೆದು ಅದರ ಜಾಗಕ್ಕೆ ಪೈಪ್ ಬಗ್ಗಿಸಿ ಮಾಡಿದ ಹೆಡರ್, ಹಿಂದೆ ಗುಡುಗುವ ಫ್ರೀ ಫ್ಲೋ ಸೈಲೆನ್ಸರ್, ನಡುವೆ ಇರಬೇಕಿದ್ದ, ಹೊಗೆಯ ವಿಷ ಸುಡುವ ಕ್ಯಾಟಲಿಟಿಕ್ ಕನ್ವರ್ಟರ್ ನಾಪತ್ತೆ. ಬಂಪರ್ ಮೇಲೆ ಎರಡು ಎಕ್ಸ್‌ಟ್ರಾ ಲೈಟ್. ಡ್ಯಾಶ್‌ಬೋರ್ಡ್ ಮೇಲೆ ಹೊರಗಿನಿಂದ ತಂದು ಕೂರಿಸಿದ ದುಂಡನೆಯ ಟೆಂಪರೇಚರ್ ಮೀಟರ್, ಅದಕ್ಕೆ ಅದರದೇ ಸೆನ್ಸರ್.

ಇನ್ನೊಂದು ವಿಷಯ. ಎರಡನೇ ಮಾಲೀಕರು ಗಾಡಿಗೆ ಮಿಲಿಟರಿ ಹಸಿರು ಬಳಿಸಿದ್ದರಂತೆ. ಆ ಆಲಿವ್ ಗ್ರೀನ್ ಸೇನೆಯ ಗಾಡಿಗಳಿಗೆ ಮಾತ್ರ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಅದನ್ನೇ ಹೇಳುತ್ತದೆ. ಹಾಗಾಗಿ ಮಾರುವ ಮುಂಚೆ ಎಲ್ಲ ಬಿಚ್ಚಿ, ಉಜ್ಜಿ, ಆರ್‌ಸಿಯಲ್ಲಿ ಇದ್ದ ಬಿಳಿ ಬಣ್ಣಕ್ಕೆ ವಾಪಸ್ ತಂದಿದ್ದರು. ಈ ಬಣ್ಣದ ಕಥೆ ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಂಟು ತಿಂಗಳ ಹಿಂದೆ ಏನಾಯಿತು ಅಂತ ಬಿಡಿಸಿ ಬಿಡಿಸಿ ಕೇಳಿದೆ. ಒಂದು ರಾತ್ರಿ ಚಿತ್ರದುರ್ಗದಿಂದ ಬರುವಾಗ ಟೆಂಪರೇಚರ್ ಮುಳ್ಳು 110ಕ್ಕೆ ಹೋಗಿತ್ತು. ಇವನು ಹೆದರಿ ಗಾಡಿ ನಿಲ್ಲಿಸಿದ. ರೇಡಿಯೇಟರ್‌ನಲ್ಲಿ ನೀರು ಇತ್ತು, ಕುದಿಯುತ್ತಿರಲಿಲ್ಲ. ಮರುದಿನ ಗ್ಯಾರೇಜ್‌ನಲ್ಲಿ ಮೇಸ್ತ್ರಿ ಒಂದೇ ಮಾತು ಹೇಳಿದರು: "ತರ್ಮೋಸ್ಟಾಟ್ ಕಿತ್ತು ಹಾಕಿಬಿಡ್ತೀನಿ, ನಮ್ಮ ಬಿಸಿಲಿಗೆ ಅದು ಬೇಕಾಗಿಲ್ಲ." ಇಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್ ಅದು. ಕಿತ್ತರು. ಅಂದಿನಿಂದ ರಾತ್ರಿ ಹೊತ್ತು ಮುಳ್ಳು 85ರ ಹತ್ತಿರ ನಿಲ್ಲತೊಡಗಿತು. ಎಲ್ಲರಿಗೂ ಖುಷಿ. ಹಗಲಲ್ಲಿ ಮುಳ್ಳು 60ರ ಆಸುಪಾಸು ಇರುತ್ತಿತ್ತು, ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಗಾಡಿ ತಣ್ಣಗಿದ್ದರೆ ಒಳ್ಳೆಯದೇ ಅಲ್ವಾ ಅನ್ನುವ ಲೆಕ್ಕ.

ಆಮೇಲೆ ಮೈಲೇಜ್ ಬಿತ್ತು. ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದಾಯಿತು, ಪ್ಲಗ್ ಎರಡು ಸಲ ಬದಲಾಯಿತು, ಏರ್ ಫಿಲ್ಟರ್, ಪೆಟ್ರೋಲ್ ಪಂಪ್ ಎಲ್ಲಾ ಹೊಸದು. ಎಮಿಷನ್ ಮಾತ್ರ ಪಾಸ್ ಆಗಲಿಲ್ಲ.

ಮೇಸ್ತ್ರಿಯನ್ನು ನಾನು ಬೈಯುವುದಿಲ್ಲ. ಕಣ್ಣೆದುರು 110 ತೋರಿಸುವ ಮೀಟರ್ ಇದ್ದಾಗ ಇಂಜಿನ್ ಬಿಸಿಯಾಗಿದೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ರಾತ್ರಿ ಮಾತ್ರ ಬಿಸಿಯಾಗುವ ಇಂಜಿನ್ ಯಾವುದು, ತಂಪು ಹೊತ್ತಲ್ಲಿ? ಅದನ್ನು ಒಬ್ಬರೂ ಕೇಳಲಿಲ್ಲ.

ಎಮಿಷನ್ ಚೀಟಿ ಏನು ಹೇಳುತ್ತಿತ್ತು

ಫೇಲ್ ಆದ ಚೀಟಿಯಲ್ಲಿ ಸಿಒ, ಅಂದರೆ ಕಾರ್ಬನ್ ಮೊನಾಕ್ಸೈಡ್, ಶೇ. 4.1. ಎಚ್‌ಸಿ, ಅಂದರೆ ಸುಡದೆ ಉಳಿದ ಹೈಡ್ರೋಕಾರ್ಬನ್, 520 ಪಿಪಿಎಂ. 2005ರ ಏಪ್ರಿಲ್‌ನಿಂದ ದೇಶದಾದ್ಯಂತ ಬಿಎಸ್-2, ಅಂದರೆ ಭಾರತ್ ಸ್ಟೇಜ್-2 ಹೊಗೆ ನಿಯಮ, ಬಂದ ಮೇಲಿನ ಗಾಡಿ ಇದು. ಬಿಎಸ್-2, ಬಿಎಸ್-3 ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಆಕ್ಸಿಲರೇಟರ್ ಕೊಡದೆ ಇಂಜಿನ್ ಓಡುವಾಗ, ಸಿಒ ಶೇ. 0.5, ಎಚ್‌ಸಿ 750 ಪಿಪಿಎಂ ದಾಟಬಾರದು. ಅದಕ್ಕಿಂತ ಹಳೆಯ ಕಾರುಗಳಿಗಾದರೆ ಶೇ. 3 ಮತ್ತು 1500, ತುಂಬಾ ಸಡಿಲ. ಇವನ ಗಾಡಿ ಒಂದೆರಡು ವರ್ಷ ಮೊದಲು ಹುಟ್ಟಿದ್ದರೆ ಇಷ್ಟು ಒದ್ದಾಡಬೇಕಿರಲಿಲ್ಲವೇನೋ.

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಸಿಒ ಮಿತಿಗಿಂತ ಎಂಟು ಪಟ್ಟು ಜಾಸ್ತಿ, ಎಚ್‌ಸಿ ಮಿತಿಯ ಒಳಗೇ ಇದೆ. ಸ್ಪಾರ್ಕ್ ಸರಿಯಿಲ್ಲದೆ ಮಿಸ್ಸಿಂಗ್ ಇದ್ದಿದ್ದರೆ ಸುಡದ ಪೆಟ್ರೋಲ್ ಹಾಗೇ ಹೊರಬಂದು ಎಚ್‌ಸಿ ಸಾವಿರ ದಾಟುತ್ತಿತ್ತು. ಇಲ್ಲಿ ಬೆಂಕಿ ಹತ್ತುತ್ತಿದೆ, ಆದರೆ ಪೆಟ್ರೋಲ್ ಜಾಸ್ತಿ, ಗಾಳಿ ಸಾಲುತ್ತಿಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಕಾರ್ಬನ್ ಅರ್ಧಂಬರ್ಧ ಸುಟ್ಟು ಸಿಒ ಆಗುತ್ತದೆ. ಹಾಗಾಗಿ ಪ್ಲಗ್ ಬದಲಾಯಿಸಿದ ದುಡ್ಡು ಸುಮ್ನೆ ಹೋಯಿತು. ಚೀಟಿಯಲ್ಲೇ ಉತ್ತರ ಇತ್ತು, ಎಲ್ಲರೂ "ಫೇಲ್" ಅನ್ನುವ ಪದ ಮಾತ್ರ ಓದಿದ್ದರು.

ಪೆಟ್ರೋಲ್ ಎಷ್ಟು ಬಿಡಬೇಕು ಅಂತ ನಿರ್ಧರಿಸುವುದು ಇಸಿಯು, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್. ಅದಕ್ಕೆ ಸುದ್ದಿ ಮುಟ್ಟಿಸುವವು ಸೆನ್ಸರ್‌ಗಳು. ಸುದ್ದಿ ತಪ್ಪೋ ಅಥವಾ ಸುದ್ದಿ ಸರಿಯಿದ್ದು ಇಂಜಿನ್ ಸ್ಥಿತಿಯೇ ತಪ್ಪೋ, ಇದು ಪ್ರಶ್ನೆ.

ಮೊದಲ ಭಾನುವಾರ: ಅರ್ಥ್

ಗಾಡಿ ಮನೆ ಮುಂದೆ ಬಂತು. ಮೊದಲು ಏನನ್ನೂ ಬಿಚ್ಚದೆ ಕೀ ಆನ್ ಮಾಡಿ ಡ್ಯಾಶ್‌ಬೋರ್ಡ್ ನೋಡಿದೆ. ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಎಚ್ಚರಿಕೆ ದೀಪಗಳೆಲ್ಲ ಒಂದು ಸಲ ಹತ್ತಬೇಕು. ಆಯಿಲ್ ಹತ್ತಿತು, ಬ್ಯಾಟರಿ ಹತ್ತಿತು. ಚೆಕ್ ಇಂಜಿನ್ ದೀಪ ಹತ್ತಲೇ ಇಲ್ಲ. "ಅದು ಯಾವತ್ತೂ ಹತ್ತಿಲ್ಲ ಭಾವ, ನಮ್ಮ ಇಂಜಿನ್ ಗಟ್ಟಿ" ಅಂದ. ಮೀಟರ್ ಬೋರ್ಡ್ ಬಿಚ್ಚಿದರೆ ಆ ಜಾಗದಲ್ಲಿ ಬಲ್ಬೇ ಇರಲಿಲ್ಲ! ಯಾರೋ ಹಿಂದಿನವರು ಕಿತ್ತು ಎಸೆದಿದ್ದರು. ಮನೆಯ ನಾಯಿ ಬೊಗಳುತ್ತದೆ ಅಂತ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ. ಬಲ್ಬ್ ಹಾಕಿದ ತಕ್ಷಣ ಹತ್ತಿತು, ಸ್ಟಾರ್ಟ್ ಮಾಡಿ ಒಂದು ರೌಂಡ್ ಹೊಡೆದ ಮೇಲೂ ಆರಲಿಲ್ಲ. ಅದು ಮುಂದಿನ ವಾರದ ಕೆಲಸ ಅಂತ ಬರೆದಿಟ್ಟೆ.

ಈಗ ಮುಳ್ಳುಗಳು. ಇಂಜಿನ್ ಓಡುತ್ತಿರುವಾಗ ಹೆಡ್‌ಲೈಟ್, ಎಕ್ಸ್‌ಟ್ರಾ ಲೈಟ್ ಹಾಕಿದೆ. ಟೆಂಪರೇಚರ್ ಮುಳ್ಳು 58ರಿಂದ 84ಕ್ಕೆ ಹತ್ತಿತು. ಪೆಟ್ರೋಲ್ ಮುಳ್ಳು ಅರ್ಧದಿಂದ ಕಾಲಿಗೆ ಮೆಲ್ಲಗೆ ಇಳಿಯಿತು. ಆಫ್ ಮಾಡಿದರೆ ಎರಡೂ ವಾಪಸ್. ನೀರು ಐದು ಸೆಕೆಂಡ್‌ನಲ್ಲಿ 26 ಡಿಗ್ರಿ ಬಿಸಿಯಾಗುವುದಿಲ್ಲ, ಪೆಟ್ರೋಲ್ ಆವಿಯಾಗಿ ಮತ್ತೆ ಟ್ಯಾಂಕಿಗೆ ಬರುವುದಿಲ್ಲ. ಕಳ್ಳ ಸಿಕ್ಕಿದ್ದ.

ಸಿಕ್ಕಿದ್ದರೂ ನಾನು ಒಂದು ಗಂಟೆ ಹಾಳು ಮಾಡಿದೆ, ಅದನ್ನೂ ಹೇಳಬೇಕು. ಟೆಂಪರೇಚರ್ ಮೀಟರ್‌ನ ಸೆನ್ಸರ್‌ನ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದ್ದು ಕಾಣಿಸಿತು. ಒಂದೇ ವೈರ್ ಇರುವ ಸೆನ್ಸರ್‌ಗೆ ಇಂಜಿನ್ ಲೋಹವೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ, ಟೇಪ್ ಜಾಸ್ತಿಯಾದರೆ ಅದು ತಪ್ಪಿಹೋಗುತ್ತದೆ. ಇದೇ ಇರಬೇಕು ಅಂತ ಬಿಚ್ಚಿ, ಬಿಸಿ ನೀರು ಕೈ ಮೇಲೆ ಚೆಲ್ಲಿಕೊಂಡು, ಟೇಪ್ ತೆಗೆದು ವಾಪಸ್ ಹಾಕಿದೆ. ಏನೂ ಬದಲಾಗಲಿಲ್ಲ. ಯೋಚನೆ ಮಾಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು: ಸೆನ್ಸರ್ ಅರ್ಥ್ ತಪ್ಪಿದರೆ ಮುಳ್ಳು ತಣ್ಣನೆಯ ಕಡೆ ಬೀಳಬೇಕು, ಇಲ್ಲಿ ಬಿಸಿ ಕಡೆ ಹೋಗುತ್ತಿದೆ.

ಆಮೇಲೆ ಸರಿಯಾದ ಕೆಲಸ ಮಾಡಿದೆ. ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ, ಇನ್ನೊಂದು ಬಾಡಿಯ ಬರಿ ಲೋಹಕ್ಕೆ. ಲೈಟ್ ಆಫ್ ಇದ್ದಾಗ 0.1 ವೋಲ್ಟ್. ಎಲ್ಲ ಲೈಟ್ ಹಾಕಿದಾಗ 1.4 ವೋಲ್ಟ್. ಇಂಜಿನ್ ಬ್ಲಾಕ್‌ಗೆ ಹಿಡಿದರೆ ಬರೀ 0.05. ಅಂದರೆ ಬ್ಯಾಟರಿಯಿಂದ ಇಂಜಿನ್‌ಗೆ ಹೋಗುವ ಅರ್ಥ್ ಚೆನ್ನಾಗಿದೆ, ಬಾಡಿಗೆ ಹೋಗುವುದು ಕೆಟ್ಟಿದೆ.

ಬ್ಯಾಟರಿಯನ್ನು ಬಾಡಿಗೆ ಸೇರಿಸುವ ಇದೇ ಅರ್ಥ್ ಪಟ್ಟಿಯನ್ನು ಹಿಂದೆ ಒಬ್ಬ ವೈರಿಂಗ್ ಹುಡುಗ ಓಮ್‌ನಲ್ಲಿಟ್ಟು ನೋಡಿ "ಕಂಟಿನ್ಯುಟಿ ಐತ್ರಿ" ಅಂತ ಹೇಳಿ ಹೋಗಿದ್ದನಂತೆ. ಅವನು ಸುಳ್ಳು ಹೇಳಿಲ್ಲ. ಹೆಡ್‌ಲೈಟ್ ಮತ್ತು ಎಕ್ಸ್‌ಟ್ರಾ ಲೈಟ್ ಸೇರಿ ನಾಲ್ಕು ಬಲ್ಬ್, ಒಂದೊಂದು 55 ವ್ಯಾಟ್, ಹಿಂದಿನ ದೀಪ ಅದು ಇದು ಎಲ್ಲ ಸೇರಿಸಿದರೆ ಸುಮಾರು 20 ಆಂಪಿಯರ್. 1.4 ವೋಲ್ಟ್ ಬೀಳಲು 0.07 ಓಮ್ ಸಾಕು. ಸಾಮಾನ್ಯ ಮಲ್ಟಿಮೀಟರ್‌ಗೆ 0.07 ಓಮ್ ಕಾಣುವುದೇ ಇಲ್ಲ, ಅದರ ವೈರಿನದ್ದೇ ಅದಕ್ಕಿಂತ ಜಾಸ್ತಿ ಇರುತ್ತದೆ, ಬೀಪ್ ಅನ್ನುತ್ತದೆ. ಹತ್ತು ಎಳೆಯಲ್ಲಿ ಒಂಬತ್ತು ಕತ್ತರಿಸಿದ ವೈರ್ ಕೂಡ ಬೀಪ್ ಅನ್ನುತ್ತದೆ. ಅರ್ಥ್ ಪರೀಕ್ಷೆ ಮಾಡುವುದಿದ್ದರೆ ಲೋಡ್ ಹಾಕಿ ವೋಲ್ಟ್ ನೋಡಬೇಕು. ನಮ್ಮ ಮೋಟಾರ್ ಪ್ಯಾನಲ್‌ನಲ್ಲೂ ಇದೇ ಪಾಠ, ಲೋಡ್ ಇಲ್ಲದಾಗ ಎಲ್ಲ ಕನೆಕ್ಷನ್ನೂ ಸಾಧು.

ಟೆಂಪರೇಚರ್ ಮುಳ್ಳು ಯಾಕೆ ಮೇಲೆ ಹೋಗುತ್ತಿತ್ತು? ಹೊರಗಿನ ಆ ಮೀಟರ್‌ಗೆ ಮೂರು ವೈರ್: ಕೀ ಕರೆಂಟ್, ಅರ್ಥ್, ಸೆನ್ಸರ್. ಮೀಟರ್‌ನ ಅರ್ಥ್ ಡ್ಯಾಶ್‌ಬೋರ್ಡ್ ಹಿಂದೆ ಬಾಡಿಗೆ ಕೊಟ್ಟಿದ್ದರು. ಸೆನ್ಸರ್‌ನ ಅರ್ಥ್ ಇಂಜಿನ್. ಈ ಎರಡರ ನಡುವೆ 1.4 ವೋಲ್ಟ್ ವ್ಯತ್ಯಾಸ ಬಂದಾಗ ಸೆನ್ಸರ್‌ನ ರೆಸಿಸ್ಟೆನ್ಸ್ ಇಳಿದ ಹಾಗೆ ಮೀಟರ್‌ಗೆ ಕಾಣುತ್ತದೆ. ಈ ಸೆನ್ಸರ್‌ಗಳ ಗುಣ ಏನೆಂದರೆ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುತ್ತದೆ. ಹಾಗಾಗಿ ಮೀಟರ್ ಪಾಪ ತನಗೆ ಕಂಡಿದ್ದನ್ನು "ಬಿಸಿ" ಅಂತ ತೋರಿಸಿತು.

ಬಾಡಿಯ ಅರ್ಥ್ ಪಟ್ಟಿ ಕೂತಿದ್ದ ಬೋಲ್ಟ್ ಬಿಚ್ಚಿದೆ. ಪಟ್ಟಿಯ ಕೆಳಗೆ ಹೊಳೆಯುವ ಬಿಳಿ ಪೇಂಟ್. ಅದರ ಕೆಳಗೆ ಹಸಿರು. ಅದರ ಕೆಳಗೆ ಮತ್ತೆ ಬಿಳಿ. ಬಣ್ಣದವರು ಪಟ್ಟಿ ತೆಗೆದು, ಬಣ್ಣ ಹೊಡೆದು, ಪೇಂಟ್ ಮೇಲೇ ಬೋಲ್ಟ್ ಬಿಗಿದಿದ್ದರು, ಬೋಲ್ಟಿನ ಥ್ರೆಡ್ ಮೂಲಕ ಮಾತ್ರ ಕರೆಂಟ್ ಹೋಗುತ್ತಿತ್ತು. ಎಮೆರಿ ಪೇಪರ್‌ನಲ್ಲಿ ಬೆಳ್ಳಗಾಗುವ ತನಕ ಉಜ್ಜಿ, ಹಳೇ ಪಟ್ಟಿಯ ಜೊತೆ ದಪ್ಪನೆಯ ಇನ್ನೊಂದು ಕೇಬಲ್ ಹಾಕಿ, ಮೇಲೆ ಗ್ರೀಸ್ ಸವರಿದೆ. 1.4 ಇದ್ದದ್ದು 0.08ಕ್ಕೆ ಬಂತು. ಲೈಟ್ ಹಾಕಿದರೂ ತೆಗೆದರೂ ಟೆಂಪರೇಚರ್ ಮುಳ್ಳು ಅಲುಗಾಡಲಿಲ್ಲ.

ಪೆಟ್ರೋಲ್ ಮುಳ್ಳು ಅರ್ಧ ಮಾತ್ರ ಒಪ್ಪಿಕೊಂಡಿತು. ಲೈಟ್ ಹಾಕಿದರೆ ಇನ್ನೂ ಸ್ವಲ್ಪ ಇಳಿಯುತ್ತಿತ್ತು, ಬ್ರೇಕ್ ಒತ್ತಿ ಹಿಡಿದರೆ ಇನ್ನಷ್ಟು. ಬ್ರೇಕ್‌ಗೂ ಪೆಟ್ರೋಲ್‌ಗೂ ಏನು ಸಂಬಂಧ? ಹಿಂದೆ ನೋಡಿದರೆ ಟ್ಯಾಂಕ್ ಫ್ಲೋಟ್‌ನ (ಪೆಟ್ರೋಲ್ ಎಷ್ಟಿದೆ ಅಂತ ಮೀಟರ್‌ಗೆ ತಿಳಿಸುವ ತೇಲುವ ಬುರುಡೆ) ಅರ್ಥ್ ವೈರ್ ಮತ್ತು ಹಿಂದಿನ ದೀಪಗಳ ಅರ್ಥ್ ವೈರ್ ಒಂದೇ ಬೋಲ್ಟ್‌ನಲ್ಲಿ, ಮೇಲೆ ಅಂಡರ್‌ಕೋಟಿಂಗ್ ಟಾರು, ಒಳಗೆ ತುಕ್ಕು. ದೀಪದ ಕರೆಂಟ್ ಆ ಬೋಲ್ಟ್ ದಾಟಲು ಒದ್ದಾಡುವಾಗ ಫ್ಲೋಟ್‌ನ ಅರ್ಥ್ ಕೂಡ ಮೇಲೇರುತ್ತದೆ. ಮಾರುತಿಯಲ್ಲಿ ಟ್ಯಾಂಕ್ ಖಾಲಿಯಾದಷ್ಟೂ ಫ್ಲೋಟ್‌ನ ರೆಸಿಸ್ಟೆನ್ಸ್ ಜಾಸ್ತಿ, ತುಂಬಿದಷ್ಟೂ ಕಡಿಮೆ. ಅರ್ಥ್ ಕೆಟ್ಟರೆ ಜಾಸ್ತಿಯಾದಂತೆ ಕಂಡು ಮುಳ್ಳು ಖಾಲಿ ಕಡೆ ಬೀಳುತ್ತದೆ. ಅದನ್ನೂ ಉಜ್ಜಿ, ಫ್ಲೋಟ್‌ಗೆ ಬೇರೆ ಬೋಲ್ಟ್ ಕೊಟ್ಟೆ. ಸಂಜೆ ಹೊತ್ತಿಗೆ ಹಗಲು ರಾತ್ರಿ ಒಂದೇ ಪೆಟ್ರೋಲ್ ಆಯಿತು. ಖರ್ಚು ಕೇಬಲ್, ಲಗ್ ಎಲ್ಲ ಸೇರಿ 350 ರೂಪಾಯಿ. ಸೋಮವಾರ ಎಮಿಷನ್ ಸೆಂಟರ್‌ನವರ ಹತ್ತಿರ ಸರ್ಟಿಫಿಕೇಟ್ ಬೇಡ, ಸುಮ್ನೆ ಪೈಪ್ ಇಟ್ಟು ನೋಡಿ ಅಂದೆವು. ಸಿಒ ಶೇ. 4.0. ಕದಲಿರಲಿಲ್ಲ.

"ಮುಳ್ಳು ಸರಿಯಾಯ್ತು, ಹೊಗೆ ಹಂಗೇ ಐತಲ್ರಿ" ಅಂತ ಅವನಿಗೆ ಬೇಜಾರು. ನನಗೆ ಬೇಜಾರಿರಲಿಲ್ಲ. ಈಗ ಟೆಂಪರೇಚರ್ ಮೀಟರ್ ನಂಬಬಹುದಿತ್ತು, ಮತ್ತು ಅದು 58 ಅನ್ನುತ್ತಿತ್ತು.

ತಣ್ಣಗಿನ ಇಂಜಿನ್

ಎರಡನೇ ಭಾನುವಾರ ಚಿತ್ರದುರ್ಗದ ತನಕ ಹೋಗಿಬಂದೆವು. ಏಪ್ರಿಲ್ ಬಿಸಿಲು, ಹೆದ್ದಾರಿ ಕಾದ ಹೆಂಚು. ಕೋಟೆ ಊರಿನ ಗುಡ್ಡಗಳ ಮೇಲೆ ಗಾಳಿಯಂತ್ರ ಕಾಣುವ ಹೊತ್ತಿಗೆ ರಸ್ತೆ ಪಕ್ಕ ನಿಲ್ಲಿಸಿ ಬಾನೆಟ್ ಎತ್ತಿದೆ. ಇನ್‌ಫ್ರಾರೆಡ್ ಗನ್‌ನಲ್ಲಿ ತರ್ಮೋಸ್ಟಾಟ್ ಡಬ್ಬದ ಮೇಲೆ ಬಿಟ್ಟರೆ 60. ಇಲ್ಲಿ ಒಂದು ಎಚ್ಚರ: ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ಕಡಿಮೆ ತೋರಿಸುತ್ತದೆ. ಅದಕ್ಕೆ ಮೊದಲೇ ಕಪ್ಪು ಇನ್ಸುಲೇಷನ್ ಟೇಪ್‌ನ ಒಂದು ತುಂಡು ಅಂಟಿಸಿ, ಅದರ ಮೇಲೆ ಅಳೆದಿದ್ದೆ. ಇಸಿಯುಗೆ ಸುದ್ದಿ ಕೊಡುವ ಸೆನ್ಸರ್ ಬೇರೆ, ಎರಡು ವೈರಿನದ್ದು. ಅದರ ಕನೆಕ್ಟರ್ ತೆಗೆದು ಅಳೆದರೆ ಸುಮಾರು 580 ಓಮ್. ಈ ಸುಝುಕಿ ಸೆನ್ಸರ್‌ಗಳು 20 ಡಿಗ್ರಿಗೆ ಎರಡೂವರೆ ಕಿಲೋ ಓಮ್ ಆಸುಪಾಸು, 80 ಡಿಗ್ರಿಗೆ ಸುಮಾರು 300 ಓಮ್ ತೋರಿಸುತ್ತವೆ. 60 ಡಿಗ್ರಿಗೆ 580 ಸರಿಯಾದ ಲೆಕ್ಕ. ಮೀಟರ್, ಗನ್, ಸೆನ್ಸರ್, ಮೂರೂ ಒಂದೇ ಮಾತು. ನಡು ಮಧ್ಯಾಹ್ನ, ಒಂದು ಗಂಟೆ ಓಡಿದ ಇಂಜಿನ್ 60 ಡಿಗ್ರಿಯಲ್ಲಿತ್ತು!

ಅಲ್ಲಿಗೆ ಹಳೇ ಕಥೆ ಬಿಡಿಸಿಕೊಂಡಿತು. ಮೊದಲು ಇಂಜಿನ್ ನಿಜವಾಗಿ 85ರಲ್ಲೇ ಇತ್ತು, ರಾತ್ರಿ ಲೈಟ್ ಹಾಕಿದಾಗ ಕೆಟ್ಟ ಅರ್ಥ್ ಅದಕ್ಕೆ 25 ಸೇರಿಸಿ 110 ತೋರಿಸಿತು. ಆ ಸುಳ್ಳನ್ನು ನಂಬಿ ತರ್ಮೋಸ್ಟಾಟ್ ಕಿತ್ತರು, ಇಂಜಿನ್ 60ಕ್ಕೆ ಇಳಿಯಿತು, ರಾತ್ರಿ ಮತ್ತೆ 25 ಸೇರಿ 85 ಕಾಣಿಸಿತು. ಎರಡು ತಪ್ಪು ಸೇರಿ ಒಂದು ಚಂದದ ಅಂಕಿ.

ತರ್ಮೋಸ್ಟಾಟ್ ಬಿಸಿಲೂರಿಗೆ ಬೇಡ ಅನ್ನುವ ಮಾತನ್ನು ನಮ್ಮ ಕಡೆ ಎಷ್ಟು ಕೇಳಿದ್ದೇನೋ. ಅದು ನೀರನ್ನು ತಡೆಯುವುದು ಇಂಜಿನ್ ಬಿಸಿಯಾಗುವ ತನಕ ಮಾತ್ರ. 82 ಡಿಗ್ರಿಗೆ ತೆರೆಯಲು ಶುರುವಾದ ಮೇಲೆ ರೇಡಿಯೇಟರ್‌ಗೆ ದಾರಿ ಬಿಡುತ್ತದೆ. ಹೊರಗೆ 40 ಡಿಗ್ರಿ ಇದ್ದರೂ 82ಕ್ಕೆ ಇನ್ನೂ ಬೇಕಾದಷ್ಟು ದೂರ ಇದೆ. ಅದು ಇಲ್ಲದಿದ್ದರೆ ಹೆದ್ದಾರಿಯ ಗಾಳಿ ಇಂಜಿನ್ನನ್ನು ತಣ್ಣಗೇ ಇಡುತ್ತದೆ, ಇಸಿಯು "ಇನ್ನೂ ಬೆಳಗಿನ ಸ್ಟಾರ್ಟ್" ಅಂದುಕೊಂಡು ಜಾಸ್ತಿ ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಆಯಿಲ್ ಕಡ್ಡಿ ಎಳೆದು ಮೂಸಿದೆ, ಪೆಟ್ರೋಲ್ ವಾಸನೆ. ತಣ್ಣನೆಯ ಸಿಲಿಂಡರ್ ಗೋಡೆಯಿಂದ ಪೆಟ್ರೋಲ್ ಕೆಳಗಿಳಿದು ಆಯಿಲ್ ತೆಳುವಾಗಿತ್ತು. ಮೈಲೇಜ್ ಹೋಗಲಿ, ಬೇರಿಂಗ್ ಹೋದರೆ ಏನು ಗತಿ?

ಹೊಸ ತರ್ಮೋಸ್ಟಾಟ್ ತಂದು ಮೊದಲು ಅಡುಗೆಮನೆಯಲ್ಲಿ ಪರೀಕ್ಷೆ. ದಾರದಲ್ಲಿ ಕಟ್ಟಿ ನೀರಿನ ಪಾತ್ರೆಗೆ ಇಳಿಬಿಟ್ಟು, ತರ್ಮಾಮೀಟರ್ ಜೊತೆ ಕಾಯಿಸಿದೆ. ಅಮ್ಮ "ಹಾಲಿನ ಪಾತ್ರೆನೇ ಬೇಕಿತ್ತೇನೋ ನಿಂಗೆ" ಅಂತ ಬೈದರು. 82ಕ್ಕೆ ಬಾಯಿ ತೆರೆಯಿತು. ಗಾಳಿ ಹೋಗುವ ಚಿಕ್ಕ ತೂತು ಮೇಲೆ ಬರುವ ಹಾಗೆ ಕೂರಿಸಿದೆವು. ರೇಡಿಯೇಟರ್‌ನಲ್ಲಿ ಬರೀ ಬೋರ್ ನೀರು ಇತ್ತು, ನಮ್ಮ ಬೋರ್ ನೀರಿನ ಗಡಸು ಗೊತ್ತಲ್ಲ, ಪಾತ್ರೆ ತಳದಲ್ಲಿ ಬಿಳಿ ಚಕ್ಕೆ ಕಟ್ಟುವ ನೀರು. ಅದೆಲ್ಲ ತೊಳೆದು ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಆಯಿಲ್ ಹೊಸದು.

ಈಗ ಮುಳ್ಳು 84ರಲ್ಲಿ ಮೊಳೆ ಹೊಡೆದ ಹಾಗೆ ನಿಂತಿತು. ಸಿಒ ಶೇ. 2.9. ಇಳಿಯಿತು, ಆದರೆ ಪಾಸ್ ಆಗಲು ಎಲ್ಲಿಯ ಮಾತು.

ಗಾಳಿ ಎಲ್ಲಿಂದ ಬರುತ್ತಿತ್ತು

ಚೆಕ್ ಇಂಜಿನ್ ದೀಪಕ್ಕೆ ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿಸಿದಾಗ ಬಂದಿದ್ದು ಆಕ್ಸಿಜನ್ ಸೆನ್ಸರ್. ಮೇಸ್ತ್ರಿ ಕೂಡಲೇ ಹೊಸದು ತರಿಸುತ್ತೇನೆ ಅಂದರು. ತಡೀರಿ ಅಂದೆ.

ಈ ಸೆನ್ಸರ್ ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆಯೋ ಇಲ್ಲವೋ ಅಂತ ಹೇಳುತ್ತದೆ. ಪೆಟ್ರೋಲ್ ಜಾಸ್ತಿಯಿದ್ದರೆ 0.9 ವೋಲ್ಟ್ ಕಡೆ, ಗಾಳಿ ಜಾಸ್ತಿಯಿದ್ದರೆ 0.1 ಕಡೆ. ಎಲ್ಲ ಸರಿಯಿದ್ದಾಗ ಎರಡರ ನಡುವೆ ಉಯ್ಯಾಲೆ ಆಡುತ್ತಿರಬೇಕು. ಇದು ಐಡ್ಲಿಂಗ್‌ನಲ್ಲಿ 0.1ರಲ್ಲೇ ಅಂಟಿಕೊಂಡಿತ್ತು. ಸಿಒ ಶೇ. 2.9 ಇರುವ ಹೊಗೆ, ಅಂದರೆ ಪೆಟ್ರೋಲ್ ಜಾಸ್ತಿ. ಸೆನ್ಸರ್ ಮಾತ್ರ "ಗಾಳಿ ಜಾಸ್ತಿ" ಅನ್ನುತ್ತಿದೆ. ಇಸಿಯು ಅದನ್ನು ನಂಬಿ ಇನ್ನೂ ಪೆಟ್ರೋಲ್ ಸುರಿಯುತ್ತಿದೆ. ಹಾಗಾದರೆ ಸೆನ್ಸರ್ ಸತ್ತಿದೆಯಾ? ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಹಾಗೆ ಉರಿಯುವ ಕಾರ್ಬ್ ಕ್ಲೀನರ್ ಸ್ವಲ್ಪ ಸ್ಪ್ರೇ ಮಾಡಿದೆ, ತಕ್ಷಣ 0.8ಕ್ಕೆ ಹಾರಿತು. ಆಕ್ಸಿಲರೇಟರ್ ಕೊಟ್ಟು ಇಂಜಿನ್ನನ್ನು 2500 ಆರ್‌ಪಿಎಂಗೆ ಏರಿಸಿದರೆ ಆಗಾಗ ಉಯ್ಯಾಲೆ ಆಡುತ್ತಿತ್ತು. ಸೆನ್ಸರ್ ಬದುಕಿದೆ. ಹಾಗಿದ್ದರೆ ನಿಧಾನ ಓಡುವಾಗ ಹೊಗೆಯ ಪೈಪ್‌ಗೆ ನಿಜವಾಗಲೂ ಎಲ್ಲಿಂದಲೋ ಗಾಳಿ ಬರುತ್ತಿರಬೇಕು.

ಹೊಗೆ ಒಂದೇ ಸಮನೆ ಹೋಗುವುದಿಲ್ಲ, ಗುಟುಕು ಗುಟುಕಾಗಿ ಹೋಗುತ್ತದೆ. ಒಂದೊಂದು ಗುಟುಕಿನ ಹಿಂದೆ ಒಂದು ಕ್ಷಣ ಎಳೆತ ಇರುತ್ತದೆ. ಸೆನ್ಸರ್‌ಗಿಂತ ಮೊದಲು ಸಂದಿ ಇದ್ದರೆ ಆ ಎಳೆತದಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಐಡ್ಲಿಂಗ್‌ನಲ್ಲಿ ಹೊಗೆಯೇ ಕಡಿಮೆ, ಹಾಗಾಗಿ ಆ ಚೂರು ಗಾಳಿಯೇ ಸೆನ್ಸರ್ ಕಣ್ಣು ಕಟ್ಟಲು ಸಾಕು.

ಹುಡುಕಿದ್ದು ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ. ಅದರ ಗಾಳಿ ಊದುವ ಬಾಯಿಗೆ ಪೈಪ್ ಸಿಕ್ಕಿಸಿ, ಬಟ್ಟೆ ಸುತ್ತಿ, ಸೈಲೆನ್ಸರ್ ಬಾಯಿಗೆ ಕೊಟ್ಟೆ. ಇಂಜಿನ್ ಆಫ್, ಪೂರ್ತಿ ತಣ್ಣಗಿತ್ತು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಹೆಡರ್ ಸುತ್ತ ಬ್ರಷ್‌ನಲ್ಲಿ ಹಚ್ಚಿದೆವು. ಮೂರನೇ ಮತ್ತು ನಾಲ್ಕನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಹತ್ತಿರ ಗುಳ್ಳೆ ಎದ್ದವು, ಮಕ್ಕಳು ಊದುವ ಗುಳ್ಳೆಯ ಹಾಗೆ. ಬಿಚ್ಚಿ ನೋಡಿದರೆ ಹೆಡರ್‌ನ ಪಟ್ಟಿ ಸೊಟ್ಟಗಾಗಿತ್ತು. ತೆಳು ಪಟ್ಟಿ, ಬೆಸುಗೆಯ ಬಿಸಿಗೆ ಬಾಗಿದ್ದು. ಲೇಥ್‌ನವರು ಅದನ್ನು ಸಮ ಮಾಡಿಕೊಟ್ಟರು, ಹೊಸ ಗ್ಯಾಸ್ಕೆಟ್ ಹಾಕಿ ನಡುವಿನಿಂದ ಹೊರಕ್ಕೆ ಬಿಗಿದೆವು. ಇಸಿಯು ಹಳೇ ಲೆಕ್ಕ ಮರೆಯಲಿ ಅಂತ ಬ್ಯಾಟರಿ ಅರ್ಧ ಗಂಟೆ ಬಿಚ್ಚಿಟ್ಟು, ಆಮೇಲೆ ಹರಿಹರದ ತನಕ ಓಡಿಸಿದೆವು. ದೀಪ ಆರಿತು. ಸಿಒ ಶೇ. 0.8, ಎಚ್‌ಸಿ 210.

ಅವನಿಗೆ ಆಸೆ ಹುಟ್ಟಿತು. "ಇನ್ನ 0.3 ತಾನೆ ಭಾವ, ಏನಾದ್ರೂ ಅಡ್ಜಸ್ಟ್ ಮಾಡಿ." ಇಂಜಿನ್ ಸರಿಯಾಗಿ ಸುಟ್ಟರೂ ಅದರ ಬಾಯಿಂದ ಬರುವ ಹೊಗೆಯಲ್ಲಿ ಇಷ್ಟು ಸಿಒ ಇದ್ದೇ ಇರುತ್ತದೆ. ಉಳಿದದ್ದನ್ನು ಸುಡುವುದು ಕ್ಯಾಟಲಿಟಿಕ್ ಕನ್ವರ್ಟರ್‌ನ ಕೆಲಸ, ಅದೇ ಇಲ್ಲ. ಆರ್‌ಸಿ 2021ರಲ್ಲಿ ಒಂದು ಸಲ ರಿನ್ಯೂವಲ್ ಆಗಿತ್ತು, 2026ಕ್ಕೆ ಮತ್ತೆ ಇನ್‌ಸ್ಪೆಕ್ಷನ್. ಕಂಪನಿ ಕೊಟ್ಟ ರೀತಿಯಿಂದ ಗಾಡಿಯನ್ನು ಬದಲಾಯಿಸುವ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಬಿಗಿಯಾಗಿ ಹೇಳಿದೆ. ಫ್ರೀ ಫ್ಲೋ ಸದ್ದು ಇಟ್ಟುಕೊಂಡು ಹೋಗಿ ನಿಂತರೆ ಆಗುವ ಕೆಲಸ ಅಲ್ಲ.

ಗುಜರಿಯಲ್ಲಿ ಎರಡು ಕ್ಯಾಟ್, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಸಿಕ್ಕವು. ಒಂದನ್ನು ಅಲ್ಲಾಡಿಸಿದರೆ ಗಲಗಲ, ಒಳಗಿನ ಜೇನುಗೂಡು ಪುಡಿಯಾಗಿದೆ. ಇನ್ನೊಂದಕ್ಕೆ ಟಾರ್ಚ್ ಬಿಟ್ಟರೆ ಬೆಳಕು ದಾಟಲಿಲ್ಲ, ಕರಗಿ ಮುಚ್ಚಿಕೊಂಡಿತ್ತು. ಕೊನೆಗೆ ಹೊಸದೇ ತಂದಿದ್ದು, ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಅದೇ. ಒಂದು ಮಾತು: ಇದನ್ನು ಮೊದಲ ದಿನವೇ ಹಾಕಿದ್ದರೆ ಒಂದು ಸಲ ಟೆಸ್ಟ್ ಪಾಸ್ ಆಗಿ, ಕೆಲವೇ ತಿಂಗಳಲ್ಲಿ ಇದೂ ಕರಗುತ್ತಿತ್ತು. ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಬಂದು ಸುಟ್ಟರೆ ಅದು ಕೆಂಪಗೆ ಕಾಯುತ್ತದೆ. ಮೊದಲಿನ ಕ್ಯಾಟ್ ಹೋಗಿದ್ದೂ ಹೀಗೇ ಇರಬಹುದು ಅಂತ ನನ್ನ ಅನುಮಾನ. ಸೆನ್ಸರ್‌ನಿಂದ ಕೆಳಗೆ ಬೆಸುಗೆ ಹಾಕಿಸಿ, ಸಾಮಾನ್ಯ ಸೈಲೆನ್ಸರ್ ಜೋಡಿಸಿದೆವು. ಬಿಸಿಯಾದ ಮೇಲೆ ಗನ್ ಹಿಡಿದು ನೋಡಿದರೆ ಕ್ಯಾಟ್‌ನ ಹೊರಬಾಯಿ ಒಳಬಾಯಿಗಿಂತ ಬಿಸಿ. ಕೆಲಸ ಮಾಡುತ್ತಿದೆ ಅಂತ ಲೆಕ್ಕ.

ಎಮಿಷನ್ ಸೆಂಟರ್‌ನ ಹುಡುಗನಿಗೆ ಅಷ್ಟೊತ್ತಿಗೆ ನಮ್ಮ ಮುಖ ಬಾಯಿಪಾಠ. ಪೈಪ್ ಇಟ್ಟು ಕಂಪ್ಯೂಟರ್ ನೋಡಿ, ಮತ್ತೆ ಹೋಗಿ ಪೈಪ್ ಸರಿಯಾಗಿ ಒಳಗೆ ಹೋಗಿದೆಯಾ ಅಂತ ನೋಡಿಬಂದ. ಸಿಒ ಶೇ. 0.12, ಎಚ್‌ಸಿ 64.

ಮೈಲೇಜ್ ಲೆಕ್ಕ

ಮೈಲೇಜ್ ಏಳು ಅನ್ನುತ್ತಿದ್ದನಲ್ಲ, ಅದರಲ್ಲೂ ಒಂದು ಮೀಟರ್ ಸುಳ್ಳು ಸೇರಿತ್ತು. ಚಿತ್ರದುರ್ಗಕ್ಕೆ ಹೋಗುವಾಗ ಹೆದ್ದಾರಿಯ ಕಿಲೋಮೀಟರ್ ಕಲ್ಲು ಎಣಿಸಿದ್ದೆವು. 50 ಕಿಲೋಮೀಟರ್ ಕಲ್ಲು ದಾಟಿದಾಗ ಗಾಡಿಯ ಮೀಟರ್ 45.6 ತೋರಿಸಿತು. 205/70 ಟೈರ್‌ನ ಎತ್ತರ 668 ಮಿಲಿಮೀಟರ್, 235/75 ಟೈರ್‌ದು ಸುಮಾರು 733. ಒಂದು ಸುತ್ತಿಗೆ ಸುಮಾರು ಶೇ. 10 ಜಾಸ್ತಿ ದೂರ ಹೋಗುತ್ತದೆ, ಮೀಟರ್ ಕೇಬಲ್‌ಗೆ ಅದು ಗೊತ್ತಿಲ್ಲ. ಹಾಗಾಗಿ ಆ ಏಳು ನಿಜವಾಗಿ 7.7. ಎಲ್ಲ ರಿಪೇರಿ ಆದ ಮೇಲೆ ಟ್ಯಾಂಕ್ ಫುಲ್ ಮಾಡಿ, ಚನ್ನಗಿರಿಗೆ ಎರಡು ಸಲ ಹೋಗಿಬಂದು, ಮತ್ತೆ ಫುಲ್ ಮಾಡಿ, ಈ ಶೇ. 10 ಸೇರಿಸಿ ಲೆಕ್ಕ ಹಾಕಿದೆವು. 11.2 ಬಂತು.

ಸ್ಪೀಡೋಮೀಟರ್ ಕೂಡ ಅಷ್ಟೇ ಕಡಿಮೆ ತೋರಿಸುತ್ತದೆ, 80 ಅಂದರೆ ನಿಜವಾಗಿ 88. ಟೈರ್ ಇನ್ನೂ ಹೊಸದಿದೆ, ರಿನ್ಯೂವಲ್‌ಗೆ ಹೋಗುವ ಮುಂಚೆ ಕಂಪನಿ ಸೈಜ್‌ಗೆ ಬದಲಾಯಿಸುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಅಲ್ಲಿಯ ತನಕ ಹೆಂಡತಿಯ ಹತ್ತಿರ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ಈಸಿಕೊಂಡು ಸ್ಪೀಡೋಮೀಟರ್ ಗಾಜಿನ ಮೇಲೆ 73ರ ಎದುರಿಗೆ ಅಂಟಿಸಿದ್ದಾನೆ. ಮುಳ್ಳು ಬೊಟ್ಟಿಗೆ ತಾಗಿದರೆ 80 ಅಂತ ಲೆಕ್ಕ. ಸೈಲೆನ್ಸರ್ ಸದ್ದು ಹೋಯಿತು ಅನ್ನುವ ದುಃಖ ಮಾತ್ರ ಇನ್ನೂ ಇದೆ. "ತೋಟಕ್ಕೆ ಬರೋದು ಈಗ ಯಾರಿಗೂ ಕೇಳಲ್ಲ ಭಾವ, ಕೆಲಸದವರು ಆರಾಮಾಗಿ ಕುಂತಿರ್ತಾರೆ" ಅನ್ನುತ್ತಾನೆ.